ಏಕಾಂತದಲ್ಲಿ ಇಬ್ಬರು: ಕ್ರೈಸ್ತರ ಮೌನ ಪ್ರಾರ್ಥನೆ ಎಂದರೇನು?

ನಮ್ಮ ಆಫೀಸಿನಲ್ಲಿ ಒಬ್ಬರು ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ 40 ದಿನಗಳ ಉಪವಾಸದ ಕಾಲದಲ್ಲಿ, 8 ದಿನ ರಜೆ ಹಾಕಿದರು. ಕಾರಣ ಅಂತ ಬರೆದದ್ದು ಎರಡೇ ಪದ: ಮೌನ ರಿಟ್ರೀಟ್. ಫೋನ್ ಸ್ವಿಚ್ ಆಫ್. ಊಟಕ್ಕೆ ಕೂತಾಗ ಉಳಿದವರಲ್ಲಿ ಚರ್ಚೆ ಶುರುವಾಯಿತು. ಕ್ರೈಸ್ತರಲ್ಲೂ ಮೌನವ್ರತ ಇದೆಯಾ? 8 ದಿನ ಸುಮ್ನೆ ಕೂತು ಏನು ಮಾಡ್ತಾರೆ? ಬೌದ್ಧರ ವಿಪಶ್ಯನ ಧ್ಯಾನದ ಥರವಾ? ನನಗೆ ಗೊತ್ತಿದ್ದಷ್ಟು ಹೇಳಲು ಹೋದೆ. ಡಬ್ಬಿ ಖಾಲಿಯಾದರೂ ಉತ್ತರ ಮುಗಿಯಲಿಲ್ಲ. ಹಾಗಾಗಿ ಈ ಬರಹ.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಹೊರಗಿನವರ ಕಿವಿಗೆ ಬೀಳುವ ಚರ್ಚ್ ಎಂದರೆ ಗಂಟೆ, ಹಾಡು, ಕೀಬೋರ್ಡ್, ಮೈಕು. ಆ ಸದ್ದಿನ ಹಿಂದೆ ಇನ್ನೊಂದು ಹಳೆಯ ಅಭ್ಯಾಸ ಇದೆ. ಅದು ಸದ್ದು ಮಾಡುವುದಿಲ್ಲ, ಅದಕ್ಕೇ ಅದರ ಸುದ್ದಿಯೂ ಜಾಸ್ತಿ ಹಬ್ಬಿಲ್ಲ.

ಒಂಟಿತನ ಬೇರೆ, ಏಕಾಂತ ಬೇರೆ

ಮೊದಲು ಎರಡು ಪದಗಳನ್ನು ಬಿಡಿಸಿಕೊಳ್ಳೋಣ. ಯಾರಾದರೂ ಜೊತೆಗೆ ಇರಬೇಕಿತ್ತು, ಯಾರೂ ಇಲ್ಲವಲ್ಲ ಎಂಬ ಸಂಕಟವೇ ಒಂಟಿತನ. ಅದು ತುಂಬಿದ ಬಸ್ಸಿನಲ್ಲೂ ಬರಬಹುದು. ಏಕಾಂತ ಹಾಗಲ್ಲ. ಅದನ್ನು ನಾವೇ ಹುಡುಕಿಕೊಂಡು ಹೋಗುತ್ತೇವೆ.

ಕನ್ನಡದ 'ಏಕಾಂತ'ದಲ್ಲಿ ಒಂದು ಸ್ವಾರಸ್ಯ ಇದೆ. "ನಿಮ್ಮ ಜೊತೆ ಸ್ವಲ್ಪ ಏಕಾಂತವಾಗಿ ಮಾತಾಡಬೇಕಿತ್ತು" ಅಂತ ಯಾರಾದರೂ ಕರೆದರೆ, ಆ ಏಕಾಂತದಲ್ಲಿ ಎಷ್ಟು ಜನ ಇರುತ್ತಾರೆ? ಇಬ್ಬರು. ಕ್ರೈಸ್ತರು ಹೇಳುವ ಏಕಾಂತವೂ ಇದೇ ಬಗೆಯದು. ಬಾಗಿಲು ಮುಚ್ಚಿದ ಮೇಲೆ ಒಳಗೆ ಉಳಿಯುವುದು ನಾನೊಬ್ಬನೇ ಅಲ್ಲ, ನಾನು ಮತ್ತು ದೇವರು ಎಂಬುದು ಅವರ ನಂಬಿಕೆ. ಇದೊಂದನ್ನು ಹಿಡಿದುಕೊಂಡರೆ ಮುಂದಿನದು ಸುಲಭ.

ಇನ್ನು ಪ್ರಾರ್ಥನೆ. ದೇವರ ಮುಂದೆ ಕಷ್ಟ ಹೇಳಿಕೊಳ್ಳುವುದು ಪ್ರಾರ್ಥನೆ. ಕೈಯಲ್ಲಿ ಜಪಮಾಲೆ ಹಿಡಿದು ಹೇಳುವುದೂ ಪ್ರಾರ್ಥನೆ. ಭಾನುವಾರ ಎಲ್ಲರೂ ಸೇರಿ ಹೇಳುವುದೂ ಪ್ರಾರ್ಥನೆಯೇ. ಮೌನ ಪ್ರಾರ್ಥನೆಯಲ್ಲಿ ಮಾತು ಕಮ್ಮಿಯಾಗುತ್ತಾ ಹೋಗುತ್ತದೆ, ಜೊತೆಗಿರುವುದಷ್ಟೇ ಉಳಿಯುತ್ತದೆ. ಸಂಜೆ ಜಗಲಿಯ ಮೇಲೆ ಅಜ್ಜ ಅಜ್ಜಿ ಕೂತಿರುತ್ತಾರೆ. ಅರ್ಧ ಗಂಟೆ ಒಂದು ಮಾತೂ ಇರುವುದಿಲ್ಲ. ಅವರು ಜಗಳ ಆಡಿದ್ದಾರೆ ಅಂತ ಯಾರೂ ಅಂದುಕೊಳ್ಳುವುದಿಲ್ಲ ಅಲ್ವಾ? ಐವತ್ತು ವರ್ಷ ಮಾತಾಡಿದ ಮೇಲೆ ಬಂದ ಮೌನ ಅದು.

ಇನ್ನೂ ಕತ್ತಲಿರುವಾಗಲೇ

ಈ ಅಭ್ಯಾಸದ ಬೇರು ಯೇಸುವಿನ ದಿನಚರಿಯಲ್ಲೇ ಇದೆ. ಯೇಸುವಿನ ಬದುಕನ್ನು ಹೇಳುವ ಬೈಬಲಿನ ಪುಸ್ತಕಗಳಿಗೆ ಸುವಾರ್ತೆ ಎಂಬ ಹೆಸರು. ಅವುಗಳಲ್ಲಿ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ತೆರೆದರೆ ಒಂದು ಇಡೀ ದಿನದ ವರದಿ ಸಿಗುತ್ತದೆ. ಊರು ಕಪೆರ್ನೌಮ್, ಗಲಿಲಾಯ ಸರೋವರದ ದಡದಲ್ಲಿದ್ದ ಮೀನುಗಾರರ ಊರು. ಸಬ್ಬತ್ ದಿನ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿಯ ದಿನ, ಯೇಸು ಸಭಾಮಂದಿರದಲ್ಲಿ ಬೋಧಿಸುತ್ತಾರೆ. ಅಲ್ಲಿಂದ ಶಿಷ್ಯ ಸೀಮೋನನ ಮನೆಗೆ ಬಂದರೆ ಅವನ ಅತ್ತೆಗೆ ಜ್ವರ. ಆಕೆಯನ್ನು ಕೈಹಿಡಿದು ಎಬ್ಬಿಸುತ್ತಾರೆ. ಹೊತ್ತು ಮುಳುಗಿದ ಮೇಲೆ ಕಾಯಿಲೆಯವರನ್ನೆಲ್ಲ ಕರೆದುಕೊಂಡು ಊರಿಗೆ ಊರೇ ಬಾಗಿಲಿಗೆ ಬರುತ್ತದೆ.

ಅಂಥ ರಾತ್ರಿ ಕಳೆದ ಮೇಲೆ ನಾವಾದರೆ ತಡವಾಗಿ ಏಳುತ್ತಿದ್ದೆವು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡುತ್ತಾರೆ. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಅನ್ನುತ್ತಾನೆ. ಹೆಸರು ಬಂದಿದೆ, ಜನ ಕಾಯುತ್ತಿದ್ದಾರೆ. ಯೇಸು ಆ ಗುಂಪಿಗೆ ಮರಳುವುದಿಲ್ಲ. ಪಕ್ಕದ ಊರುಗಳಿಗೆ ಹೋಗೋಣ, ನಾನು ಬಂದದ್ದೇ ಅದಕ್ಕೆ ಅನ್ನುತ್ತಾರೆ.

ಕ್ರೈಸ್ತ ಗುರುಗಳು ಈ ಘಟನೆಯನ್ನು ಮತ್ತೆ ಮತ್ತೆ ಎತ್ತಿಕೊಳ್ಳುವುದು ಇದಕ್ಕೇ. ಹತ್ತಾರು ಜನ ಹತ್ತಾರು ಕಡೆ ಎಳೆಯುವಾಗ ತನ್ನ ಕೆಲಸ ಯಾವುದು ಎಂದು ತಿಳಿಯಲು ಒಂದು ಜಾಗ ಬೇಕು. ಲೂಕನ ಸುವಾರ್ತೆಯಲ್ಲೂ ಹೀಗೇ ಆಗುತ್ತದೆ. ಯೇಸು ಒಂದು ರಾತ್ರಿಯಿಡೀ ಬೆಟ್ಟದ ಮೇಲೆ ಪ್ರಾರ್ಥನೆಯಲ್ಲಿ ಕಳೆದು, ಬೆಳಗಾದ ಮೇಲೆ 12 ಜನ ಶಿಷ್ಯರನ್ನು ಆರಿಸುತ್ತಾರೆ. ಎಲ್ಲ ಸಲವೂ ಏಕಾಂತ ಸಿಕ್ಕಿತು ಅಂತಲೂ ಅಲ್ಲ. ತಮಗೆ ದೀಕ್ಷಾಸ್ನಾನ ಕೊಟ್ಟಿದ್ದ ಸ್ನಾನಿಕ ಯೋಹಾನನನ್ನು ಕೊಂದ ಸುದ್ದಿ ಬಂದಾಗ ಯೇಸು ದೋಣಿ ಹತ್ತಿ ದೂರ ಹೋಗುತ್ತಾರೆ. ಇಳಿದು ನೋಡಿದರೆ ಜನ ದಡದಲ್ಲೇ ನಡೆದು ಮೊದಲೇ ಬಂದಿದ್ದಾರೆ! ಅವರನ್ನು ಕಂಡು ಕರುಳು ಚುರ್ ಅಂದು, ಸಂಜೆಯವರೆಗೂ ಅವರ ಜೊತೆ ಇದ್ದು, ಊಟ ಮಾಡಿಸಿ ಕಳಿಸಿದ ಮೇಲೆಯೇ ಒಬ್ಬರೇ ಬೆಟ್ಟ ಹತ್ತುತ್ತಾರೆ. ಮನೆ ತುಂಬ ಮಕ್ಕಳಿರುವ ತಾಯಂದಿರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತದೆ.

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೂ ಇದನ್ನೇ ಹೇಳುತ್ತಾರೆ: ಪ್ರಾರ್ಥನೆ ಮಾಡುವಾಗ ನಿನ್ನ ಕೋಣೆಗೆ ಹೋಗು, ಬಾಗಿಲು ಮುಚ್ಚು. ಬೀದಿ ಮೂಲೆಯಲ್ಲಿ ನಿಂತು ನಾಲ್ಕು ಜನ ನೋಡಲಿ ಅಂತ ಪ್ರಾರ್ಥಿಸುವವರ ಬಗ್ಗೆ ಮಾತಾಡುತ್ತಾ ಬಂದ ಮಾತಿದು. ಇಲ್ಲಿ 'ಕೋಣೆ' ಎಂಬುದಕ್ಕೆ ಬಳಸಿದ ಗ್ರೀಕ್ ಪದ 'ತಮೆಯೊನ್'. ಅದಕ್ಕೆ ದಿನಸಿ ಇಡುವ ಉಗ್ರಾಣ ಎಂಬ ಅರ್ಥವೂ ಇದೆ. ದೇವರ ಕೋಣೆಗೆ ಹೋಗು ಅನ್ನಲಿಲ್ಲ, ಅಕ್ಕಿಮೂಟೆ ಇಡುವ ಕೋಣೆಯೂ ಸಾಕು ಅಂದಂತೆ.

ಮರುಭೂಮಿಯ ಮಧ್ಯಾಹ್ನ

ಮಾರ್ಕ ಬರೆದ ಆ 'ಜನರಿಲ್ಲದ ಜಾಗ'ಕ್ಕೆ ಗ್ರೀಕ್‌ನಲ್ಲಿ 'ಎರೆಮೋಸ್' ಎಂಬ ಪದ ಇದೆ, ಮರುಭೂಮಿ ಅಂತಲೂ ಅರ್ಥ. ಒಬ್ಬರೇ ಬಾಳುವ ಸನ್ಯಾಸಿಗೆ ಇಂಗ್ಲಿಷಿನಲ್ಲಿ ಹೇಳುವ 'ಹರ್ಮಿಟ್' ಹುಟ್ಟಿದ್ದು ಅದರಿಂದಲೇ. ಮೂರನೇ ಶತಮಾನದ ಕೊನೆಯ ಹೊತ್ತಿಗೆ ಈಜಿಪ್ಟಿನಲ್ಲಿ ಕೆಲವರು ನಿಜವಾಗಿಯೂ ಮರುಭೂಮಿಗೆ ಹೊರಟರು. ಅವರಲ್ಲಿ ಹೆಸರಾದವರು ಅಂತೋಣಿ. ನಮ್ಮ ಊರುಗಳಲ್ಲಿ ಮಂಗಳವಾರ ಜನ ಸೇರುವ ಪಾದುವಾದ ಸಂತ ಅಂತೋಣಿ ಬೇರೆ, ಇವರು ಅವರಿಗಿಂತ ಸುಮಾರು ಒಂಬೈನೂರು ವರ್ಷ ಹಿಂದಿನವರು. ತಂದೆತಾಯಿ ತೀರಿಕೊಂಡ ಮೇಲೆ ಆಸ್ತಿ ಹಂಚಿ ಹೊರಟ ಅಂತೋಣಿ 356ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಮರಳುಗಾಡಿನಲ್ಲಿ ಸಾವಿರಾರು ಜನ ಸಣ್ಣ ಸಣ್ಣ ಕೋಣೆ ಕಟ್ಟಿಕೊಂಡಿದ್ದರು. ಹೆಂಗಸರೂ ಇದ್ದರು. ಗುರುಗಳನ್ನು 'ಅಬ್ಬ' ಎಂದೂ ಗುರುತಾಯಿಯರನ್ನು 'ಅಮ್ಮ' ಎಂದೂ ಕರೆಯುತ್ತಿದ್ದರು. ಕನ್ನಡದ ಕಿವಿಗೆ ಎರಡನೆಯದು ಅನುವಾದವೇ ಬೇಡದ ಪದ.

ಅವರಲ್ಲಿ ಅಬ್ಬ ಮೋಸೆಸ್ ಎಂಬವರ ಹತ್ತಿರ ಒಬ್ಬ ಉಪದೇಶ ಕೇಳಲು ಬಂದ. ಹೋಗು, ನಿನ್ನ ಕೋಣೆಯಲ್ಲಿ ಕೂತುಕೋ, ಕೋಣೆಯೇ ಎಲ್ಲ ಕಲಿಸುತ್ತದೆ ಅಂದರಂತೆ.

ಕೋಣೆ ಕಲಿಸುವ ಮೊದಲ ಪಾಠ ಶಾಂತಿಯಲ್ಲ, ಬೇಸರ. ನಾಲ್ಕನೇ ಶತಮಾನದ ಎವಾಗ್ರಿಯಸ್ ಎಂಬ ಸನ್ಯಾಸಿ ಇದನ್ನು ಬರೆದಿಟ್ಟಿದ್ದಾರೆ. ಅವರು ಇದನ್ನು 'ಅಕೇಡಿಯ' ಅಂದರು, ನಡುಮಧ್ಯಾಹ್ನದ ಪಿಶಾಚಿ ಅಂತಲೂ ಕರೆದರು. ಬೆಳಗ್ಗೆ ಹತ್ತು ಗಂಟೆಯಿಂದ ಎರಡರವರೆಗೆ ಅದರ ಕಾಟ. ಸೂರ್ಯ ಆಕಾಶದಲ್ಲಿ ನಿಂತೇಬಿಟ್ಟಂತೆ, ಒಂದು ದಿನಕ್ಕೆ ಐವತ್ತು ಗಂಟೆ ಇದ್ದಂತೆ ಅನ್ನಿಸುತ್ತದೆ. ಮನುಷ್ಯ ಪದೇ ಪದೇ ಕಿಟಕಿ ನೋಡುತ್ತಾನೆ. ಊಟದ ಹೊತ್ತಿಗೆ ಇನ್ನೆಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಾನೆ. ಯಾರಾದರೂ ಬರುತ್ತಿದ್ದಾರಾ ಅಂತ ಹೊರಗೆ ಇಣುಕುತ್ತಾನೆ. ಆಮೇಲೆ ಜಾಗದ ಮೇಲೆ ಸಿಟ್ಟು, ಕೆಲಸದ ಮೇಲೆ ಸಿಟ್ಟು, ನನ್ನನ್ನು ಯಾರೂ ಪ್ರೀತಿಸುವುದಿಲ್ಲ ಎಂಬ ಕೊರಗು, ಬೇರೆ ಕಡೆ ಹೋದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ. ಕಿಟಕಿಯ ಜಾಗದಲ್ಲಿ ಫೋನ್ ಇಟ್ಟು ನೋಡಿ. ಒಂದು ಅಕ್ಷರವೂ ಬದಲಾಯಿಸಬೇಕಿಲ್ಲ.

ಮದ್ದು? ಎದ್ದು ಹೋಗಬೇಡ ಎಂಬುದೇ ಮದ್ದು. ಸ್ವತಃ ಅಂತೋಣಿಗೂ ಒಮ್ಮೆ ಈ ಬೇಸರ ಹಿಡಿದಿತ್ತಂತೆ. ಹೊರಗೆ ಬಂದು ನೋಡಿದರೆ ತನ್ನಂತೆಯೇ ಇರುವ ಒಬ್ಬಾತ ಕೂತು ಹಗ್ಗ ಹೆಣೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸಿದ, ಮತ್ತೆ ಕೂತು ಹೆಣೆದ. ಹೀಗೆ ಮಾಡು, ಉಳಿಯುತ್ತೀಯೆ ಎಂಬ ಮಾತು ಕೇಳಿಸಿತು. ಕೈಗೆ ಕೆಲಸ, ಮನಸ್ಸಿಗೆ ಪ್ರಾರ್ಥನೆ, ಎರಡೂ ಸರದಿಯ ಮೇಲೆ. ಮುಂದೆ ಮಠಗಳ ದಿನಚರಿ ಇದೇ ಅಚ್ಚಿನಲ್ಲಿ ಮೂಡಿತು.

ಕೂತು ಮಾಡುವುದೇನು?

ಮನಸ್ಸನ್ನು ಪೂರ್ತಿ ಖಾಲಿ ಮಾಡುವುದು ಈ ಪರಂಪರೆಯ ಮುಖ್ಯ ಗುರಿಯಲ್ಲ. ಹಿಡಿದುಕೊಳ್ಳಲು ಏನಾದರೂ ಒಂದು ಇರುತ್ತದೆ. ಹೆಚ್ಚಾಗಿ ಅದು ಬೈಬಲಿನ ಕೆಲವು ಸಾಲು.

ಹನ್ನೆರಡನೇ ಶತಮಾನದ ಎರಡನೇ ಗೀಗೊ ಎಂಬ ಸನ್ಯಾಸಿ ಇದನ್ನು ಊಟಕ್ಕೆ ಹೋಲಿಸಿದರು. ಅವರು ಫ್ರಾನ್ಸಿನ ಬೆಟ್ಟಗಳ ನಡುವಿನ ಗ್ರಾಂದ್ ಶಾರ್ತ್ರೂಸ್ ಮಠದವರು, 1084ರಲ್ಲಿ ಶುರುವಾದ ಆ ಮಠ ಮೌನಕ್ಕೇ ಹೆಸರಾದದ್ದು. ಅವರ ಪ್ರಕಾರ ಓದುವುದೆಂದರೆ ತುತ್ತನ್ನು ಬಾಯಿಗಿಡುವುದು. ಧ್ಯಾನಿಸುವುದು ಅಗಿಯುವುದು. ಪ್ರಾರ್ಥಿಸುವುದು ರುಚಿ ಹತ್ತುವುದು. ಕೊನೆಗೆ ಉಳಿಯುವ ಸವಿಯಲ್ಲಿ ಸುಮ್ಮನೆ ಇರುವುದು ನಾಲ್ಕನೆಯದು. ಈ ಓದಿಗೆ ಲ್ಯಾಟಿನ್‌ನಲ್ಲಿ 'ಲೆಕ್ಸಿಯೊ ದಿವೀನ' ಎಂಬ ಹೆಸರು. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಿಲ್ಲ. ಹಸು ಮೆಲುಕು ಹಾಕುವುದನ್ನು ನೋಡಿದವರಿಗೆ ಗೊತ್ತು. ಮೇಯುವಾಗ ಗಬಗಬ ಮೇದದ್ದನ್ನು ಅದು ನೆರಳಲ್ಲಿ ಮಲಗಿ, ಅವಸರವಿಲ್ಲದೆ ಮತ್ತೆ ಅಗಿಯುತ್ತದೆ. ಹತ್ತು ಅಧ್ಯಾಯ ಓದಿ ಮುಗಿಸುವುದಲ್ಲ, ಎರಡು ಸಾಲು ಸಾಕು.

ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೊಂದು ದಾರಿ ಬೆಳೆಯಿತು. ಅಲ್ಲಿ ಹಿಡಿದುಕೊಳ್ಳುವುದು ಒಂದೇ ವಾಕ್ಯ: ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು. ಉಸಿರಿನ ಜೊತೆ ಇದನ್ನೇ ಹೇಳುತ್ತಾ ಹೋಗುವುದು. ಗ್ರೀಸಿನ ಆಥೋಸ್ ಬೆಟ್ಟದ ಮಠಗಳಲ್ಲಿ ಇಂದಿಗೂ ಇದೆ. ನಾಮಜಪ ಗೊತ್ತಿರುವ ನಮ್ಮವರಿಗೆ ಈ ಕ್ರಮ ತೀರಾ ಹೊಸದಲ್ಲ.

ಸೇದುವ ಬಾವಿ, ಕಾಲುವೆ, ಮಳೆ

ಆದರೆ ಮೌನ ಪ್ರಾರ್ಥನೆಯನ್ನು ನಮ್ಮಂಥವರಿಗೆ ತಿಳಿಯುವ ಹಾಗೆ ಹೇಳಿದವರು ಯಾರು ಅಂತ ಕೇಳಿದರೆ ನಾನು ಸ್ಪೇನಿನ ಆವಿಲಾದ ತೆರೇಸಾ ಕಡೆ ಕೈ ತೋರಿಸುತ್ತೇನೆ. ಕಾರ್ಮೆಲ್ ಎಂಬ ಕಥೋಲಿಕ ಸನ್ಯಾಸಿಗಳ ಸಭೆಗೆ ಸೇರಿದ ಸನ್ಯಾಸಿನಿ, 1515ರಿಂದ 1582ರವರೆಗೆ ಬಾಳಿದವರು. ಕೋಲ್ಕತ್ತದ ಮದರ್ ತೆರೇಸಾ ಅಲ್ಲ. ಪ್ರಾರ್ಥನೆ ಎಂದರೆ ನಮ್ಮನ್ನು ಪ್ರೀತಿಸುವವರ ಜೊತೆ ಮತ್ತೆ ಮತ್ತೆ ಏಕಾಂತದಲ್ಲಿ ಕೂತು ಮಾಡುವ ಸ್ನೇಹದ ಮಾತುಕತೆ ಎಂಬುದು ಅವರ ವಿವರಣೆ. ಮತ್ತೆ ಅಲ್ಲೇ ಬಂದೆವು, ಏಕಾಂತದಲ್ಲಿ ಇಬ್ಬರು.

ಆತ್ಮಕತೆಯಲ್ಲಿ ಅವರು ಪ್ರಾರ್ಥನೆಯನ್ನು ತೋಟಕ್ಕೆ ಹೋಲಿಸುತ್ತಾರೆ. ತೋಟ ದೇವರದು, ಗಿಡ ನೆಡುವವರೂ ದೇವರೇ, ನೀರು ಹಾಕುವ ಕೆಲಸ ನಮ್ಮದು. ನೀರು ಹಾಯಿಸಲು ನಾಲ್ಕು ದಾರಿ. ಮೊದಲನೆಯದು ಬಾವಿಯಿಂದ ಸೇದುವುದು. ತೋಳು ನೋಯುತ್ತದೆ, ನೀರು ಸಿಗುವುದು ಸ್ವಲ್ಪ. ಹೊಸದಾಗಿ ಶುರು ಮಾಡಿದವರ ಸ್ಥಿತಿ ಇದು. ಮನಸ್ಸು ಹತ್ತು ಕಡೆ ಓಡುತ್ತದೆ, ಹಿಡಿದು ತಂದಷ್ಟೂ ಓಡುತ್ತದೆ. ಎರಡನೆಯದು ಕೊಡ ಕಟ್ಟಿದ ಚಕ್ರ ತಿರುಗಿಸಿ ಎತ್ತುವುದು, ನಮ್ಮ ಕಡೆಯ ಕಪಿಲೆಯ ದೂರದ ನೆಂಟ ಅನ್ನಿ. ಶ್ರಮ ಕಮ್ಮಿ, ನೀರು ಜಾಸ್ತಿ. ಮೂರನೆಯದು ಹೊಳೆಯಿಂದ ಕಾಲುವೆ ತೋಡಿ ಹರಿಸುವುದು. ಆಗ ನೀರನ್ನು ಸಾಲಿಗೆ ತಿರುಗಿಸಿದರೆ ಸಾಕು. ನಾಲ್ಕನೆಯದು ಮಳೆ. ತೋಟಗಾರನ ಕೈಯಲ್ಲಿ ಏನೂ ಇಲ್ಲ, ಬಂದರೆ ಬಂತು. ಬಂದಾಗ ಕೊಡದಿಂದ ಆಗದಷ್ಟು ತೋಯುತ್ತದೆ.

ಮಳೆ ಬರಿಸುವ ತಂತ್ರ ಯಾವುದೂ ಇಲ್ಲ ಅನ್ನುತ್ತಾರೆ ತೆರೇಸಾ. ಇಷ್ಟು ದಿನ ಹೀಗೆ ಕೂತರೆ ಇಂಥ ಅನುಭವ ಆಗುತ್ತದೆ ಎಂಬ ಲೆಕ್ಕ ಇಲ್ಲ. ಕೆಲವೊಮ್ಮೆ ಬಾವಿಯೇ ಬತ್ತಿರುತ್ತದೆ. ಆಗಲೂ ಕೊಡ ಇಳಿಸು ಎಂಬುದು ಅವರ ಸಲಹೆ. ಇದನ್ನು ಸುಲಭಕ್ಕೆ ಬರೆದದ್ದಲ್ಲ. ವರ್ಷಗಟ್ಟಲೆ ತಾನು ಪ್ರಾರ್ಥನೆಗೆ ಕೂತಾಗ ಗಂಟೆ ಯಾವಾಗ ಹೊಡೆಯುತ್ತದೆ ಅಂತಲೇ ಕಿವಿಗೊಟ್ಟಿದ್ದೆ, ಹದಿನೆಂಟು ವರ್ಷ ಕೈಯಲ್ಲಿ ಪುಸ್ತಕ ಇಲ್ಲದೆ ಕೂರಲು ಧೈರ್ಯವಿರಲಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಸಂತರ ಬಾಯಲ್ಲಿ ಇಂಥ ಮಾತು ಕೇಳಿದರೆ ನಮಗೂ ಸ್ವಲ್ಪ ಜೀವ ಬರುತ್ತದೆ!

ತೆರೇಸಾ ಸುಧಾರಿಸಿದ ಮಠಗಳಲ್ಲಿ ದಿನಕ್ಕೆ ಎರಡು ಗಂಟೆ ಮೌನ ಪ್ರಾರ್ಥನೆ, ಬೆಳಗ್ಗೆ ಒಂದು, ಸಂಜೆ ಒಂದು. ಎಲ್ಲರೂ ಸೇರಿ ಹರಟೆ ಹೊಡೆದು ನಗಲಿಕ್ಕೂ ಹೊತ್ತು ಮೀಸಲು. ಆ ಪರಂಪರೆ ನಮ್ಮ ಕರಾವಳಿಗೂ ಬಂದಿದೆ. 1870ರಲ್ಲಿ ಫ್ರಾನ್ಸಿನ ಪೌ ಪಟ್ಟಣದಿಂದ ಹೊರಟ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿನಲ್ಲಿ ಹೊರಗೆ ಹೋಗದೆ ಪ್ರಾರ್ಥನೆಯಲ್ಲಿ ಬಾಳುವ ಮಠ ಶುರು ಮಾಡಿದರು. ಆ ತಂಡದಲ್ಲಿ ಗಲಿಲಾಯದ ಇಬಿಲ್ಲಿನ್ ಊರಿನ ಹುಡುಗಿ ಮರಿಯಂ ಬಾವಾರ್ಡಿ ಇದ್ದರು. 1871ರಲ್ಲಿ ಅವರು ಸನ್ಯಾಸದ ವ್ರತ ತೊಟ್ಟದ್ದು ಮಂಗಳೂರಿನಲ್ಲೇ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಆಮೇಲೆ 1955ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಬಂದು ಮೊದಲು ನೆಲೆಸಿದ್ದು ಬೆಂಗಳೂರಿನ ಕೆಂಗೇರಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗ ನಡೆಸಿದ ಫಾದರ್ ಅಮಲೋರ್‌ಪವದಾಸ್ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು.

ಇದು ಓಡಿಹೋಗುವುದಲ್ವಾ?

ಈ ಪ್ರಶ್ನೆ ಹೊರಗಿನವರಿಗಿಂತ ಮೊದಲು ಕ್ರೈಸ್ತರೇ ಕೇಳಿಕೊಂಡರು. ನಾಲ್ಕನೇ ಶತಮಾನದ ಬಿಷಪ್ ಬೆಸಿಲ್ ಅವರದು ಚುರುಕಾದ ಪ್ರಶ್ನೆ: ಒಬ್ಬನೇ ಇದ್ದರೆ ಯಾರ ಕಾಲು ತೊಳೆಯುತ್ತೀಯೆ? ಕೊನೆಯ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನಪಿಸುವ ಮಾತದು. ಬೆಸಿಲ್ ತಮ್ಮ ಊರಿನಲ್ಲಿ ರೋಗಿಗಳಿಗೂ ಬಡವರಿಗೂ ದೊಡ್ಡ ಆಸರೆ ಕಟ್ಟಿದವರು. ಆರನೇ ಶತಮಾನದಲ್ಲಿ ಮಠಗಳಿಗೆ ನಿಯಮ ಬರೆದ ಬೆನೆಡಿಕ್ಟ್ ಕೂಡ ಹೊಸಬರು ನೇರವಾಗಿ ಒಂಟಿ ಗುಹೆಗೆ ಹೋಗುವುದನ್ನು ಒಪ್ಪಲಿಲ್ಲ. ಮೊದಲು ಮಠದಲ್ಲಿ ಹತ್ತು ಜನರ ಜೊತೆ ಬಾಳಿ ಪಳಗಬೇಕು, ಆಮೇಲೆ ಏಕಾಂತ. ಸ್ವತಃ ಮೂರು ವರ್ಷ ಗುಹೆಯಲ್ಲಿದ್ದು ಬಂದವರ ಮಾತು.

ಹಿಟ್ಲರನ ವಿರುದ್ಧ ನಿಂತು 1945ರಲ್ಲಿ ಗಲ್ಲಿಗೇರಿದ ಜರ್ಮನಿಯ ಪಾಸ್ಟರ್ ಡೀಟ್ರಿಕ್ ಬೋನ್‌ಹೋಫರ್ ಎರಡೂ ಕಡೆ ಎಚ್ಚರಿಸಿದರು. ಒಬ್ಬನೇ ಇರಲಾರದವನು ಗುಂಪಿನ ಬಗ್ಗೆ ಹುಷಾರಾಗಿರಲಿ, ಗುಂಪಿನಲ್ಲಿ ಇರಲಾರದವನು ಒಬ್ಬನೇ ಇರುವ ಬಗ್ಗೆ ಹುಷಾರಾಗಿರಲಿ ಅಂದರು. ಫಿಂಕೆನ್‌ವಾಲ್ಡೆಯಲ್ಲಿ ಅವರು ನಡೆಸಿದ ಪಾದ್ರಿಗಳ ತರಬೇತಿ ಶಾಲೆಯಲ್ಲಿ ದಿನಕ್ಕೆ ಅರ್ಧ ಗಂಟೆ ಮೌನ ಧ್ಯಾನ ಕಡ್ಡಾಯವಾಗಿತ್ತು.

ಮಠ ಸೇರದವರಿಗೆ

ಪ್ರೊಟೆಸ್ಟೆಂಟ್ ಮನೆಗಳಲ್ಲಿ 'ಕ್ವಯಟ್ ಟೈಮ್' ಎಂಬ ಮಾತು ಕೇಳಿರಬಹುದು. ಬೆಳಗ್ಗೆ ಎದ್ದು, ಬೈಬಲ್ ತೆರೆದು, ಒಬ್ಬರೇ ಕೂರುವ ಹದಿನೈದು ಇಪ್ಪತ್ತು ನಿಮಿಷ. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಸನ್ಯಾಸ ಬಿಟ್ಟು ಬಂದವರು. ಆದರೆ ಪ್ರಾರ್ಥನೆ ಬಿಡಲಿಲ್ಲ. ಪ್ರಾರ್ಥಿಸುವುದು ಹೇಗೆ ಅಂತ ಕೇಳಿದ ತಮ್ಮ ಕ್ಷೌರಿಕನಿಗೆ 1535ರಲ್ಲಿ ಒಂದು ಸಣ್ಣ ಪುಸ್ತಕವನ್ನೇ ಬರೆದುಕೊಟ್ಟರು. ಅದರಲ್ಲಿ ಅವನ ಕಸುಬಿನದೇ ಉದಾಹರಣೆ. ಒಳ್ಳೆಯ ಕ್ಷೌರಿಕನ ಕಣ್ಣು ಕತ್ತಿಯ ಮೇಲಿರಬೇಕು, ಹರಟೆ ಹೊಡೆಯುತ್ತಾ ಎತ್ತಲೋ ನೋಡಿದರೆ ಗಿರಾಕಿಯ ಮೂಗು ಹೋಗುತ್ತದೆ. ಪ್ರಾರ್ಥನೆಯೂ ಹಾಗೇ ಅಂದರು.

ಜಾಗ ಇಲ್ಲ ಅನ್ನುವವರಿಗೆ ಹೇಳುವ ಕತೆ ಇನ್ನೊಂದು. ಮೆಥೊಡಿಸ್ಟ್ ಸಭೆ ಕಟ್ಟಿದ ಜಾನ್ ವೆಸ್ಲಿಯ ತಾಯಿ ಸುಸಾನಾ ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು. ಆಕೆ ಅಡುಗೆಮನೆಯ ಏಪ್ರನ್ನನ್ನು ತಲೆಯ ಮೇಲೆ ಎಳೆದುಕೊಂಡರೆ ಅಮ್ಮ ಪ್ರಾರ್ಥನೆಯಲ್ಲಿದ್ದಾಳೆ ಅಂತ ಮಕ್ಕಳಿಗೆ ಗೊತ್ತಾಗುತ್ತಿತ್ತಂತೆ. ಕೋಣೆ, ಬಾಗಿಲು ಎಲ್ಲ ಆ ಬಟ್ಟೆಯೇ. ಪ್ಯಾರಿಸಿನ ಮಠವೊಂದರ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಬಟ್ಟೆಯೂ ಬೇಡ ಅಂದರು. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಜೊತೆ ಮಾತಾಡುತ್ತಾ ಇರಬಹುದು ಎಂಬುದು ಅವರ ಅನುಭವ.

ಆ 8 ದಿನ

ಈಗ ನಮ್ಮ ಸಹೋದ್ಯೋಗಿಯ ರಜೆಗೆ ಬರೋಣ. ಇಂಥ ರಿಟ್ರೀಟ್‌ಗಳ ಹಿಂದೆ ಹೆಚ್ಚಾಗಿ ಇರುವುದು ಜೆಸುಯಿಟ್ ಎಂಬ ಕಥೋಲಿಕ ಗುರುಗಳ ಸಭೆ ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಹಾಕಿಕೊಟ್ಟ ಕ್ರಮ. ಅವರು ಸೈನಿಕರಾಗಿದ್ದವರು. 1521ರಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿಯಿತು. ಹಾಸಿಗೆಯಲ್ಲಿ ಮಲಗಿದ್ದಾಗ ಬದುಕಿನ ದಿಕ್ಕು ಬದಲಾಯಿತು. ಮರುವರ್ಷ ಮನ್ರೇಸಾ ಎಂಬಲ್ಲಿ ತಿಂಗಳುಗಟ್ಟಲೆ ಪ್ರಾರ್ಥನೆಯಲ್ಲಿದ್ದು ಕಂಡುಕೊಂಡದ್ದನ್ನು ಕ್ರಮವಾಗಿ ಬರೆದಿಟ್ಟರು. ಪೂರ್ತಿ ಮಾಡಲು 30 ದಿನ ಬೇಕು. 8 ದಿನದ್ದು ಅದರ ಚಿಕ್ಕ ರೂಪ. ದಿನಕ್ಕೆ ನಾಲ್ಕೈದು ಸಲ, ಒಂದೊಂದು ಗಂಟೆ ಕೂರಬೇಕು. ಸುವಾರ್ತೆಯ ಒಂದು ಘಟನೆ ಓದಿ ಅದರೊಳಗೆ ಹೋಗಬೇಕು: ಸೀಮೋನನ ಮನೆಯ ಬಾಗಿಲಲ್ಲಿ ನಾನೂ ನಿಂತಿದ್ದೇನೆ, ಏನು ಕಾಣುತ್ತದೆ, ಯಾರು ಏನು ಹೇಳುತ್ತಿದ್ದಾರೆ? ಕೊನೆಯಲ್ಲಿ ಯೇಸುವಿನ ಜೊತೆ ಗೆಳೆಯನಂತೆ ಮಾತು. ದಿನಕ್ಕೊಮ್ಮೆ ಮಾರ್ಗದರ್ಶಿಯ ಹತ್ತಿರ ಹೋಗಿ ಏನಾಯಿತು ಅಂತ ಹೇಳಬೇಕು. ಉಳಿದಂತೆ ಊಟವೂ ಮೌನದಲ್ಲೇ, ಸಾರು ಬೇಕೆಂದರೆ ಕೈಸನ್ನೆ.

ವಿಪಶ್ಯನಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಹೊರಗಿನ ಶಿಸ್ತು ಎರಡರಲ್ಲೂ ಒಂದೇ ಥರ ಕಾಣುತ್ತದೆ. ವಿಪಶ್ಯನ ಶಿಬಿರದಲ್ಲಿ ಗಮನ ಇಡುವುದು ತನ್ನ ಉಸಿರು, ಮೈಯ ಸಂವೇದನೆಗಳ ಮೇಲೆ, ಅವು ಬಂದು ಹೋಗುವುದನ್ನು ನೋಡುತ್ತಾ. ಇಲ್ಲಿ ಗಮನ ಎದುರಿಗಿರುವ ಇನ್ನೊಬ್ಬರ ಮೇಲೆ.

ರಜೆ ಮುಗಿಸಿ ಬಂದವರನ್ನು ನಾವು ಸುಮ್ಮನೆ ಬಿಡಲಿಲ್ಲ. ಬೆಳಕು ಗಿಳಕು ಕಂಡಿತಾ ಅಂತ ಒಬ್ಬರು ಕೇಳಿದರು. ಅಂಥದ್ದೇನಿಲ್ಲ ಅಂದರು. ಮೂರನೇ ದಿನ ಮಧ್ಯಾಹ್ನ ಬ್ಯಾಗು ಹಿಡಿದು ಹೊರಟುಬಿಡಬೇಕು ಅನ್ನಿಸಿತ್ತಂತೆ. ಗಡಿಯಾರದ ಮುಳ್ಳು ಮುಂದೆ ಹೋಗುತ್ತಿರಲಿಲ್ಲವಂತೆ. ಕಿಟಕಿಯ ಹೊರಗಿನ ತೆಂಗಿನಮರಗಳನ್ನು ಎಣಿಸುತ್ತಾ ಕೂತಿದ್ದರಂತೆ. ಎವಾಗ್ರಿಯಸ್ ಹೆಸರನ್ನು ಅವರು ಯಾವತ್ತೂ ಕೇಳಿರಲಿಲ್ಲ.

"ಆಮೇಲೆ?" ಅಂದೆ.

"ಆಮೇಲೇನು, ಎಣಿಸೋದು ಮುಗೀತು. ಹದಿನೇಳು ಮರ. ಮತ್ತೆ ಬಂದು ಕೂತೆ."